ಆ ಬ್ಯಾಂಡ್ ಯಾರದ್ದು?

ಪುಟ್ಟಿಗೆ,

ನಿನ್ನ ಕಾಗದ ನಾಲ್ಕು ಸಲ ಓದಿದೆ. ವಿಪಿಜಿ ಅನ್ನುವ ಪುಟ್ಟ ಪ್ರೋಟೀನನ್ನು ಹಿಡಿಯುವ ಆಂಟಿಬಾಡಿಯಿಂದ ವೈರಸ್ಸಿನ ಆರ್‌ಎನ್‌ಎ ಎಳೆದು ತರುವ ನಿನ್ನ ಪ್ರಯೋಗದ ಮಿಕ್ಕ ವಿವರವೆಲ್ಲ ಇರಲಿ. ಕೊನೆಯಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದೀಯಲ್ಲ, 'ದೊಡ್ಡಮ್ಮ, ಎರಡು ವರ್ಷದಿಂದ ನನ್ನ ಆಂಟಿಬಾಡಿ ಬೇರೇನನ್ನೋ ಹಿಡಿದು ತರ್ತಿದ್ರೆ?' ಅಂತ. ಆ ಸಾಲು ನನ್ನ ನಿದ್ದೆ ಕೆಡಿಸಿತು.

ಭಯ ಸುಳ್ಳಲ್ಲ. ಪೋಲಿಯೋ ವೈರಸ್ಸನ್ನೇ ತಗೋ. ಆರ್‌ಎನ್‌ಎ ಸುಮಾರು 7,500 ಅಕ್ಷರ ಉದ್ದ, ತುದಿಗೆ ಅಂಟಿದ ವಿಪಿಜಿ ಬರೀ 22 ಅಮೈನೋ ಆಮ್ಲ. ಆ ಚೂರನ್ನು ಹಿಡಿದು ಅಷ್ಟುದ್ದದ ಎಳೆ ಎಳೆದು ತರಬೇಕು. ಸಾಲದ್ದಕ್ಕೆ ಅದೇ ಆಂಟಿಬಾಡಿ, ಆರ್‌ಎನ್‌ಎ ಮೇಲೆ ಕೂರುವ 3ಎಬಿ ಅನ್ನುವ ವೈರಸ್ಸಿನ ಇನ್ನೊಂದು ಪ್ರೋಟೀನನ್ನೂ ಹಿಡಿಯುತ್ತದೆ. ವಿಪಿಜಿ ಅದರೊಳಗೇ ಇದೆ, ಅಲ್ವಾ?

ನಮ್ಮ ಕಾಲದಲ್ಲಿ ಮೊಲಕ್ಕೆ ಪೆಪ್ಟೈಡ್, ಅಂದರೆ ಪ್ರೋಟೀನಿನ ತುಣುಕು, ಚುಚ್ಚಿ ಆಂಟಿಬಾಡಿ ಮಾಡುತ್ತಿದ್ದೆವು. ಚುಚ್ಚುವ ಮುಂಚೆ ಒಂದಿಷ್ಟು ರಕ್ತ ತೆಗೆದು, ಆಮೇಲೆ ಹೋಲಿಸಿ ನೋಡಲು ಸೀರಮ್ ಎತ್ತಿಡಬೇಕಿತ್ತು. ಆತುರದಲ್ಲಿ ಇಡಲಿಲ್ಲ. ಪ್ರೋಟೀನುಗಳನ್ನು ತೂಕದ ಪ್ರಕಾರ ಬಿಡಿಸಿ ತೋರಿಸುವ ಬ್ಲಾಟ್‌ನಲ್ಲಿ 50 ಕಿಲೋಡಾಲ್ಟನ್ ತೂಕದ ಹತ್ತಿರ ದಪ್ಪ ಬ್ಯಾಂಡ್, ಅಂದರೆ ಪಟ್ಟಿ, ಬಂತು. ಆರ್‌ಎನ್‌ಎ ಮೇಲೆ ಕೂತ ಹೊಸ ಪ್ರೋಟೀನ್ ಅಂತ ಕುಣಿದಾಡಿದೆ. ಜೊತೆಗಿದ್ದ ಹುಡುಗಿ, 'ಆಂಟಿಬಾಡಿಯದ್ದೇ ಹೆವಿ ಚೈನ್ ಇರಬಹುದಾ ಮೇಡಂ?' ಅಂದಳು. ಅಂದರೆ ನಾವೇ ಹಾಕಿದ ಆಂಟಿಬಾಡಿಯ ಒಂದು ತುಂಡು. ಗದರಿಬಿಟ್ಟೆ. ವೈರಸ್ಸೇ ಇಲ್ಲದ ಕೋಶಗಳ ಲೇನಿನಲ್ಲೂ ಅದೇ ಬ್ಯಾಂಡ್ ಕಂಡಾಗ ಅವಳು ಬೇರೆ ಲ್ಯಾಬಿಗೆ ಹೋಗಿ ಆರು ತಿಂಗಳಾಗಿತ್ತು. ಒಂದು ಕಾಗದ ಬರೆಯಬೇಕಿತ್ತು. ಬರೆಯಲಿಲ್ಲ. ಎತ್ತಿಡದ ಸೀರಮ್ಮಿಗಿಂತ ಅದೇ ಜಾಸ್ತಿ ಚುಚ್ಚುತ್ತದೆ.

ಮತ್ತೆ ನಿನ್ನ ಭಯಕ್ಕೇ ಬರುತ್ತೇನೆ. ಹಳೇ ಕೈಯ ಮಾತು, ನಿನಗೆ ಗೊತ್ತಿರುವುದೇ ಇರಬಹುದು. ಆಂಟಿಬಾಡಿಗೆ ಮೊದಲೇ ವಿಪಿಜಿ ಪೆಪ್ಟೈಡ್ ಧಾರಾಳವಾಗಿ ಬೆರೆಸಿಡು, ಅದರ ಹಿಡಿಯುವ ಜಾಗವೆಲ್ಲ ತುಂಬಲಿ. ಆಮೇಲೂ ಆರ್‌ಎನ್‌ಎ ಬಂದರೆ ಅದು ಸುಮ್ನೆ ಅಂಟಿ ಬಂದದ್ದು. 3ಎಬಿ ಅನುಮಾನ ಮಾತ್ರ ಇದರಿಂದ ಹೋಗುವುದಿಲ್ಲ. ಅದಕ್ಕೆ ಪ್ರೋಟೀನ್ ಬಿಡಿಸುವ ಸಾಬೂನಿನಂಥ ಎಸ್‌ಡಿಎಸ್ ಹಾಕಿ ಬಿಸಿ ಮಾಡು. ವಿಪಿಜಿ ತನ್ನ ಟೈರೋಸಿನ್ ಅನ್ನುವ ಅಮೈನೋ ಆಮ್ಲದಿಂದ ಆರ್‌ಎನ್‌ಎಗೆ ಬೆಸೆದುಕೊಂಡಿದೆ, ಬಿಡುವುದಿಲ್ಲ. ಮೇಲೆ ಕೂತವೆಲ್ಲ ಉದುರುತ್ತವೆ. ಚೆನ್ನಾಗಿ ತೆಳು ಮಾಡಿದ ಮೇಲೇ ಆಂಟಿಬಾಡಿ ಹಾಕು, ಇಲ್ಲದಿದ್ದರೆ ಅದೂ ಕೆಡುತ್ತದೆ. ಪ್ರೋಟೀನ್ ಕಟ್ಟುವ ರೈಬೋಸೋಮ್ ಮೇಲಿನ ವೈರಸ್ ಆರ್‌ಎನ್‌ಎ ಒಂದು ಟ್ಯೂಬ್ ಪಕ್ಕಕ್ಕಿರಲಿ. ಅದಕ್ಕೆ ವಿಪಿಜಿ ಇರುವುದಿಲ್ಲ, ಆಂಟಿಬಾಡಿ ಕೂರಿಸಿದ ಬೀಡಿನ, ಅಂದರೆ ಸಣ್ಣ ಮಣಿಯ, ಜೊತೆ ಬರಕೂಡದು.

ಪೆಪ್ಟೈಡ್ ಬೆರೆಸಿದ ಟ್ಯೂಬ್ ಏನಾಯಿತು ಅಂತ ಬರಿ. ಆರ್‌ಎನ್‌ಎ ಹಾಗೇ ಬಂದರೂ ಬರಿ.

ನಿನ್ನ
ದೊಡ್ಡಮ್ಮ