ಪಾಪುವಿನ ಹೆಸರು: ಬುಧವಾರದೊಳಗೆ ಹೇಳಿ

ಎಲ್ಲರಿಗೂ ನಮಸ್ಕಾರ. ತೊಟ್ಟಿಲು ಶಾಸ್ತ್ರ ಬರೋ ಶುಕ್ರವಾರ, ತೀರ್ಥಹಳ್ಳಿ ಮನೆಯಲ್ಲೇ. ಕಿವಿಯಲ್ಲಿ ಹೆಸರು ಹೇಳೋ ಸೋದರತ್ತೆ ನಾನೇ ಆದ್ದರಿಂದ ಈ ಪಂಚಾಯ್ತಿಕೆಯೂ ನನ್ನ ತಲೆಗೇ ಬಿತ್ತು.

ಉಳಿದಿರೋದು ಮೂರು: ತುಂಗಾ, ವರದಾ, ಶರಾವತಿ. ಶರಾವತಿ ಹುಟ್ಟೋದು ನಮ್ಮ ತಾಲ್ಲೂಕಿನ ಅಂಬುತೀರ್ಥದಲ್ಲಿ ಅಂತ ಅಣ್ಣನ ಓಟು ಅದಕ್ಕೆ. ಎರಡೇ ದಿನಕ್ಕೆ ‘ಶರು’ ಆಗುತ್ತೆ, ಬರೆದಿಟ್ಕೊಳ್ಳಿ. ‘ತುಂಗಾ’ ಅಂತ ಹಿತ್ತಿಲ ಬಾಗಿಲಲ್ಲಿ ನಿಂತು ಕೂಗಿ ನೋಡಿದೆ. ತೋಟದ ತುದಿಯಲ್ಲಿ ಅಡಿಕೆ ಮರದ ಮೇಲಿದ್ದ ಕೊನೆಗೌಡ ‘ಓ’ ಅಂದ! ನನ್ನ ಓಟು ಅದಕ್ಕೇ. ವರದಾ ಚೆನ್ನಾಗಿದೆ, ಆದರೆ ಯಾರೂ ಪಟ್ಟು ಹಿಡಿದಿಲ್ಲ.

ನಡುವಿನ ಹೆಸರಿಗೆ ದೊಡ್ಡಪ್ಪ ಊರಿನ ಹೆಸರು ಅಂತಾರೆ, ಅತ್ತಿಗೆಗೆ ತನ್ನ ಹೆಸರು ಇರಬೇಕು. ಹೆತ್ತವಳು ಅವಳು, ಅವಳ ಮಾತೇ ನಡೀಲಿ. ಯಾವುದಾದರೂ ಪೂರ್ತಿ ಬರೆಸಿ, ಇನಿಶಿಯಲ್ ಬೇಡ. ಮಾರ್ಕ್ಸ್ ಕಾರ್ಡಲ್ಲೊಂದು, ಪಾಸ್‌ಬುಕ್ಕಲ್ಲೊಂದು ಆಗಿ ನಾನು ಅಲೆದದ್ದು ಸಾಕು.

ಜನನ ನೋಂದಣಿ ಆಗಿದೆ, ಹೆಸರಿನ ಜಾಗ ಖಾಲಿ. 1 ವರ್ಷದೊಳಗೆ ಸೇರಿಸಿದರೆ ಶುಲ್ಕವಿಲ್ಲ, ಗಾಬರಿ ಬೇಡ.

ಹೆಸರು ಮಾತ್ರ ಟೈಪ್ ಮಾಡಿ. ಶುಭೋದಯದ ಹೂವು ಎರಡು ದಿನ ಬೇಡ, ಮಾವಾ.