ಅಪ್ಪಾಜಿ, ಸಹಿ ಹಾಕುವ ಮುಂಚೆ

ಬರ್ಮಿಂಗ್‌ಹ್ಯಾಮ್
16 ನವೆಂಬರ್ 2025

ತೀರ್ಥರೂಪ ಅಪ್ಪಾಜಿಯವರಿಗೆ ಮತ್ತು ಅಮ್ಮನಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾವು ಮೂವರೂ ಇಲ್ಲಿ ಕ್ಷೇಮ. ಚಳಿ ಶುರುವಾಗಿದೆ, ನಾಲ್ಕೂವರೆಗೆಲ್ಲ ಕತ್ತಲು. ಪುಟ್ಟಿಯ ನೆಗಡಿ ವಾಸಿಯಾಯಿತು. ಅಜ್ಜಿಯ ಕಾಲುನೋವು ಹೇಗಿದೆ ಅಂತ ತಿಳಿಸಿ.

ಈ ವಿಷಯವನ್ನು ಫೋನಿನಲ್ಲಿ ಎತ್ತಿದಾಗಲೆಲ್ಲ ಮಾತು ಅರ್ಧಕ್ಕೇ ನಿಲ್ಲುತ್ತದೆ. ಯಾರೋ ಬಾಗಿಲು ತಟ್ಟುತ್ತಾರೆ, ಇಲ್ಲವೇ ಪುಟ್ಟಿ ಫೋನ್ ಕಿತ್ತುಕೊಳ್ಳುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ. ತಮ್ಮನ ಮೊಬೈಲಿಗೆ ಕಳಿಸಿದ್ದೇನೆ, ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆಸಿ ಕೊಡುತ್ತಾನೆ. ಇಬ್ಬರೂ ಒಟ್ಟಿಗೆ ಕೂತು ಓದಿ.

ಅಪ್ಪಾಜಿ, ಹೋದ ತಿಂಗಳು ರಿಟೈರ್ ಆದಿರಿ. ಗ್ರಾಚ್ಯುಟಿ, ಕಮ್ಯುಟೇಶನ್ ಅಂತ ಪಿಂಚಣಿಯ ಒಂದು ಪಾಲಿಗೆ ಮೊದಲೇ ಕೊಡುವ ಹಣ, ರಜೆ ಹಣ, ಜಿಪಿಎಫ್ ಉಳಿತಾಯ, ಕೆಜಿಐಡಿ ವಿಮೆ ಎಲ್ಲ ಸೇರಿ ನಲವತ್ತು ಲಕ್ಷದ ಹತ್ತಿರ ಬರುತ್ತದೆ ಅಂದಿರಿ. ಇಷ್ಟು ವರ್ಷ ಸೀಮೆಸುಣ್ಣ ಹಿಡಿದು ದುಡಿದ ಹಣ ಅದು. ಇನ್ನೂ ಪೂರ್ತಿ ಕೈಗೆ ಬಂದಿಲ್ಲ, ಆಗಲೇ ಅದಕ್ಕೆ ದಾರಿ ತೋರಿಸುವವರು ಎಷ್ಟು ಜನ! ಮಾವ ಹದಡಿ ರಸ್ತೆ ಕಡೆ ಸೈಟ್ ತಗೊಳ್ಳಿ ಅನ್ನುತ್ತಾರೆ. ನಿಮ್ಮ ಜೊತೆ ಕೆಲಸ ಮಾಡಿದವರು ಯಾವುದೋ ಪತ್ತಿನ ಸೊಸೈಟಿಯಲ್ಲಿ 11% ಬಡ್ಡಿ ಅನ್ನುತ್ತಾರೆ. ಬ್ಯಾಂಕಿನ ಹುಡುಗ ಮನೆಗೇ ಬಂದು ಫಾರಂ ಇಟ್ಟು ಹೋಗಿದ್ದಾನೆ. ತಮ್ಮನಿಗೆ ಚನ್ನಗಿರಿ ಕಡೆ ಅಡಿಕೆ ತೋಟದ ಆಸೆ.

ಇವರಲ್ಲಿ ಯಾರೂ ನಿಮಗೆ ಕೆಟ್ಟದ್ದು ಬಯಸುವವರಲ್ಲ. ಮಾವನಿಗಂತೂ ನಿಮ್ಮ ಮೇಲೆ ಎಷ್ಟು ಪ್ರೀತಿ ಅಂತ ನನಗೆ ಗೊತ್ತು. ಆದರೆ ಒಬ್ಬರಾದರೂ ನಿಮ್ಮ ತಿಂಗಳ ಖರ್ಚು ಎಷ್ಟು ಅಂತ ಕೇಳಿದರಾ? ಅಮ್ಮನ ವಯಸ್ಸು ಕೇಳಿದರಾ? ನಿಮ್ಮ ಶುಗರ್, ಅಜ್ಜಿಯ ಔಷಧಿ, ಮನೆ ಮೇಲೆ ಉಳಿದಿರುವ ಸಾಲ, ಇದ್ಯಾವುದನ್ನೂ ಕೇಳದೆ ಹಣ ಇಲ್ಲಿ ಹಾಕಿ ಅಂತ ಹೇಳುವುದು ಹೇಗೆ ಸಾಧ್ಯ? ನನ್ನ ಬೇಡಿಕೆ ಒಂದೇ. ಆ ಹಣ ಎಲ್ಲಿಗೆ ಹೋಗುವುದಕ್ಕೂ ಮುಂಚೆ, ಏನನ್ನೂ ಮಾರದ, ಬರೀ ಸಲಹೆಗೆ ಫೀಸ್ ತೆಗೆದುಕೊಳ್ಳುವ ಒಬ್ಬ ಹಣಕಾಸು ಸಲಹೆಗಾರರ ಹತ್ತಿರ ಕೂತು ಮಾತಾಡೋಣ. ನೀವಿಬ್ಬರೂ ಕೂತಿರಬೇಕು, ನಾನು ವಿಡಿಯೋದಲ್ಲಿ ಸೇರಿಕೊಳ್ಳುತ್ತೇನೆ.

ಸಲಹೆಗೂ ದುಡ್ಡಾ ಅಂತ ನೀವು ಕೇಳುತ್ತೀರಿ. ಇಲ್ಲಿ ಮನೆ ಸಾಲ ತೆಗೆದುಕೊಳ್ಳುವ ಮುಂಚೆ ನಾನೂ ನಿಮ್ಮ ಅಳಿಯನೂ ಒಬ್ಬರ ಹತ್ತಿರ ಹೋಗಿದ್ದೆವು. ಮೊದಲ ಭೇಟಿಯಲ್ಲಿ ಅವರು ಯಾವ ಸ್ಕೀಮಿನ ಹೆಸರನ್ನೂ ಎತ್ತಲಿಲ್ಲ. ತಿಂಗಳಿಗೆ ಏನು ಬರುತ್ತದೆ, ಏನು ಹೋಗುತ್ತದೆ, ಊರಲ್ಲಿ ಅಪ್ಪ ಅಮ್ಮನನ್ನು ಯಾರು ನೋಡಿಕೊಳ್ಳುತ್ತಾರೆ, ಇಬ್ಬರಲ್ಲಿ ಒಬ್ಬರ ಕೆಲಸ ಹೋದರೆ ಎಷ್ಟು ತಿಂಗಳು ತಡೆಯುತ್ತೀರಿ, ಬರೀ ಇದೇ ಪ್ರಶ್ನೆಗಳು. ಎದ್ದು ಬರುವಾಗ ನನಗೆ ನಮ್ಮ ಸಂಸಾರದ ಲೆಕ್ಕ ಮೊದಲ ಸಲ ಪೂರ್ತಿ ಕಂಡ ಹಾಗಿತ್ತು. ಇಲ್ಲಿ ಬ್ರಿಟನ್ನಿನಲ್ಲಿ ಹೂಡಿಕೆಯ ಸಲಹೆ ಕೊಡುವವರು ಕಂಪನಿಗಳಿಂದ ಕಮಿಷನ್ ತೆಗೆದುಕೊಳ್ಳುವುದನ್ನು 2013ರ ಆರಂಭದಿಂದ ನಿಲ್ಲಿಸಿದ್ದಾರೆ. ಗಿರಾಕಿಯೇ ಫೀಸ್ ಕೊಡಬೇಕು, ಎಷ್ಟು ಅಂತ ಮೊದಲೇ ಹೇಳಿರಬೇಕು.

ನಮ್ಮಲ್ಲೂ ಅದೇ 2013ರಲ್ಲಿ, ಷೇರು ಮಾರುಕಟ್ಟೆಯನ್ನು ನಿಯಂತ್ರಿಸುವ ಸೆಬಿ, ಹೂಡಿಕೆ ಸಲಹೆಗಾರರಿಗೆ ಬೇರೆ ನಿಯಮ ಮಾಡಿತು. ಸೆಬಿಯಲ್ಲಿ ನೋಂದಾಯಿಸಿದ ಸಲಹೆಗಾರರ ನಂಬರ್ ಐಎನ್‌ಎ ಅಂತ ಶುರುವಾಗುತ್ತದೆ. ಮ್ಯೂಚುವಲ್ ಫಂಡ್ ಮಾರುವವರಿಗೆ ಇರುವುದು ಎಆರ್‌ಎನ್ ನಂಬರ್. ಅವರ ಸಂಪಾದನೆ ಫಂಡ್ ಕಂಪನಿ ಕೊಡುವ ಕಮಿಷನ್. ಎರಡೂ ಕಾನೂನಿನ ಪ್ರಕಾರವೇ ನಡೆಯುವ ಕೆಲಸ, ಎರಡರಲ್ಲೂ ಒಳ್ಳೆಯವರಿದ್ದಾರೆ. ಆದರೆ ನಿಮ್ಮ ಮುಂದೆ ಕೂತವರ ಸಂಬಳ ಯಾರ ಜೇಬಿನಿಂದ ಬರುತ್ತದೆ ಅನ್ನುವುದು ನಿಮಗೆ ಗೊತ್ತಿರಬೇಕು. ಮೆಕ್ಕೆಜೋಳ ಮಾರುವಾಗ ದಲ್ಲಾಳಿ ಹೇಳಿದ ಬೆಲೆಯನ್ನು ನೀವು ಯಾವತ್ತಾದರೂ ಹಾಗೇ ಒಪ್ಪಿದ್ದೀರಾ? ಎಪಿಎಂಸಿಯಲ್ಲಿ ನಾಲ್ಕು ಕಡೆ ವಿಚಾರಿಸಿಯೇ ಚೀಲ ಇಳಿಸುತ್ತಿದ್ದಿರಿ.

ಬ್ಯಾಂಕಿನ ಹುಡುಗ ಇಟ್ಟು ಹೋದ ವಿಮೆ ಪಾಲಿಸಿಯ ಕಾಗದದ ಫೋಟೋವನ್ನು ತಮ್ಮ ಕಳಿಸಿದ್ದ. ಅದನ್ನು ಕೂತು ಲೆಕ್ಕ ಹಾಕಿದೆ. ವರ್ಷಕ್ಕೆ 1 ಲಕ್ಷದಂತೆ 10 ವರ್ಷ ಕಟ್ಟಬೇಕು. ಶುರು ಮಾಡಿದ 15 ವರ್ಷಕ್ಕೆ 16 ಲಕ್ಷ ಕೈಗೆ ಬರುತ್ತದೆ. ಹತ್ತು ಕಟ್ಟಿ ಹದಿನಾರು ಅಂದರೆ ಕೇಳೋಕೆ ಚೆನ್ನಾಗಿದೆ, ಅಲ್ವಾ? ಬಡ್ಡಿಯ ಲೆಕ್ಕದಲ್ಲಿ ನೋಡಿದರೆ ಅದು ವರ್ಷಕ್ಕೆ ನಾಲ್ಕೂವರೆ ಪರ್ಸೆಂಟ್. ಹಿರಿಯ ನಾಗರಿಕರಿಗೆ ಬ್ಯಾಂಕಿನ ಎಫ್‌ಡಿಯೇ ಅದಕ್ಕಿಂತ ಜಾಸ್ತಿ ಕೊಡುತ್ತದೆ. ಆ ಹಣ ಬರುವಾಗ ನಿಮಗೆ 75 ಆಗಿರುತ್ತದೆ. ಮಧ್ಯೆ ಕಂತು ನಿಲ್ಲಿಸಿದರೆ ನಷ್ಟವೂ ನಿಮ್ಮದೇ. ಇಂಥ ಪಾಲಿಸಿಗಳ ಮೊದಲ ವರ್ಷದ ಕಂತಿನಲ್ಲಿ ದೊಡ್ಡ ಪಾಲು ಕಮಿಷನ್‌ಗೆ ಹೋಗುತ್ತದೆ. ನಾನು ಫೋನಿನಲ್ಲಿ ಮಾತಾಡಿದ ಸಲಹೆಗಾರರೊಬ್ಬರು ಇಡೀ ಮನೆಯ ಲೆಕ್ಕ ನೋಡಿ ಯೋಜನೆ ಬರೆದುಕೊಡಲು ವರ್ಷಕ್ಕೆ 25 ಸಾವಿರ ಅಂದರು. ಆ ಫೀಸ್ ಕಣ್ಣಿಗೆ ಕಾಣುತ್ತದೆ, ಅದಕ್ಕೇ ಜಾಸ್ತಿ ಅನ್ನಿಸುತ್ತದೆ. ಕಮಿಷನ್ ಕಾಣುವುದಿಲ್ಲ, ಆದರೂ ಹೋಗುವುದು ನಿಮ್ಮ ಹಣವೇ. ಮೊದಲ ವರ್ಷದ ಫೀಸ್ ನಾನು ಕೊಡುತ್ತೇನೆ. ಬೇಡ ಅನ್ನಬೇಡಿ.

ಚಿಕ್ಕಮ್ಮನ ಕಥೆ ನೆನಪಿದೆಯಲ್ಲ. ಎಫ್‌ಡಿ ತರಾನೇ ಅಂತ ಹೇಳಿ ಇಂಥದೇ ಪಾಲಿಸಿಗೆ ಸಹಿ ಹಾಕಿಸಿಕೊಂಡರು. ವರ್ಷ ವರ್ಷ ಕಟ್ಟಬೇಕು ಅಂತ ಅವರಿಗೆ ಗೊತ್ತಾಗಿದ್ದು ಎರಡನೇ ಕಂತಿನ ಮೆಸೇಜ್ ಬಂದಾಗ. ಪಾಲಿಸಿ ಕೈಗೆ ಬಂದ 30 ದಿನದೊಳಗೆ ಬೇಡ ಅಂತ ವಾಪಸ್ ಕೊಡಬಹುದು ಅಂತ ಅವರಿಗೆ ಯಾರೂ ಹೇಳಲೇ ಇಲ್ಲ. ಈಗಲೂ ಅದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಸೊಸೈಟಿಯ ವಿಷಯದಲ್ಲಿ ಒಂದು ಮಾತು. ಬ್ಯಾಂಕಿನಲ್ಲಿಟ್ಟ ಠೇವಣಿಗೆ, ಅದು ಸಹಕಾರಿ ಬ್ಯಾಂಕೇ ಆಗಿರಲಿ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆ ಇರುತ್ತದೆ. ಪತ್ತಿನ ಸಹಕಾರ ಸಂಘದಲ್ಲಿಟ್ಟ ಹಣಕ್ಕೆ ಆ ವಿಮೆ ಇಲ್ಲ. 11% ಯಾಕೆ ಕೊಡುತ್ತಾರೆ, ಯಾರಿಗೆ ಸಾಲ ಕೊಟ್ಟು ಅದನ್ನು ದುಡಿಯುತ್ತಾರೆ ಅಂತ ಕೇಳದೆ ಅಲ್ಲಿ ಇಡಬೇಡಿ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ ಈಗ 8.2% ಕೊಡುತ್ತಿದೆ. ಒಬ್ಬರು 30 ಲಕ್ಷದವರೆಗೆ ಇಡಬಹುದು. ಅಷ್ಟು ಇಟ್ಟರೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಬಡ್ಡಿ, ಐದು ವರ್ಷದವರೆಗೆ. ಅಷ್ಟನ್ನೂ ಅಲ್ಲೇ ಇಡಿ ಅಂತ ನಾನು ಹೇಳುತ್ತಿಲ್ಲ. ಬಡ್ಡಿಗೆ ತೆರಿಗೆ ಇದೆ, ತುರ್ತಿಗೆ ಎಷ್ಟು ಬೇರೆ ಇಡಬೇಕು ಅಂತ ನೋಡಬೇಕು. ಆ ಲೆಕ್ಕ ಬಲ್ಲವರೇ ಮಾಡಲಿ.

ಸೈಟ್ ಬಗ್ಗೆ ಮಾವನಿಗೆ ನಾನೇ ಫೋನ್ ಮಾಡುತ್ತೇನೆ. ಖಾಲಿ ಸೈಟ್ ತಿಂಗಳಿಗೆ ಒಂದು ರೂಪಾಯಿ ತರುವುದಿಲ್ಲ. ನಾಳೆ ಅಮ್ಮನ ಮೊಣಕಾಲಿಗೆ ಆಪರೇಷನ್ ಅಂದರೆ ಅದರ ಒಂದು ಮೂಲೆಯನ್ನು ಮಾರೋಕೆ ಆಗುವುದಿಲ್ಲ. ತೋಟವನ್ನು ನನ್ನ ಹೆಸರಲ್ಲಿ ಕೊಳ್ಳೋಣ ಅಂತಲೂ ಅವರು ಅಂದಿದ್ದರು. ಹೊರದೇಶದಲ್ಲಿ ನೆಲೆಸಿದ ನನ್ನಂಥವರು ಕೃಷಿ ಜಮೀನು ಕೊಳ್ಳುವ ಹಾಗಿಲ್ಲ, ಹಿರಿಯರಿಂದ ಬಂದರೆ ಮಾತ್ರ ಇಟ್ಟುಕೊಳ್ಳಬಹುದು. ತಮ್ಮನ ಆಸೆ ತಪ್ಪಲ್ಲ. ಆದರೆ ನಿಮ್ಮ ಮುಪ್ಪಿನ ಹಣ ಅದರೊಳಗೆ ಹೋಗಬಾರದು. ಅವನ ತೋಟಕ್ಕೆ ನಾನೂ ಒಂದು ಕೈ ಕೊಡುತ್ತೇನೆ, ಅದನ್ನು ಬೇರೆಯಾಗಿ ಮಾತಾಡೋಣ.

ಇನ್ನು ಅಮ್ಮನಿಗೆ ಬರೆಯುತ್ತೇನೆ.

ಅಮ್ಮ, ನಾನು ಮಾತಾಡಿದ ಸಲಹೆಗಾರರು ಮೊದಲು ಕೇಳಿದ್ದು ಪಾಸ್‌ಬುಕ್ ಅಲ್ಲ, ಮನೆಯ ನಿಜವಾದ ತಿಂಗಳ ಖರ್ಚು. ಅಪ್ಪಾಜಿಯನ್ನು ಕೇಳಿದರೆ ಇಪ್ಪತ್ತೈದು ಸಾವಿರ ಅಂದರು. ನಿನ್ನನ್ನು ಕೇಳಿದರೆ ನಲವತ್ತರ ಹತ್ತಿರ ಅಂದೆ. ನಿಂದೇ ಸರಿ ಅಂತ ನನಗೆ ಗೊತ್ತು. ಹಾಲು, ರೇಷನ್, ಅಜ್ಜಿಯ ಮಾತ್ರೆ, ಮುಯ್ಯಿ, ದುಗ್ಗಮ್ಮನ ಜಾತ್ರೆಯ ವರ್ಷ ಮನೆ ತುಂಬ ಬರುವ ನೆಂಟರ ಊಟ, ಎಲ್ಲ ನಿನ್ನ ಆ ಉದ್ದ ನೋಟ್‌ಬುಕ್ಕಿನಲ್ಲಿ ಇದೆ. ಈ ಮನೆಯ ಹಣವನ್ನು ಇಷ್ಟು ವರ್ಷ ನಡೆಸಿದ್ದು ನೀನು. ಆ ನೋಟ್‌ಬುಕ್ ಇಲ್ಲದೆ ಯಾವ ಸಲಹೆಗಾರರೂ ಏನೂ ಮಾಡಲಾರರು. ಬೆಲೆ ವರ್ಷಕ್ಕೆ 6% ಏರಿದರೂ ಈಗಿನ ನಲವತ್ತು ಸಾವಿರದ ಖರ್ಚು 12 ವರ್ಷಕ್ಕೆ ಎಂಬತ್ತು ಸಾವಿರ ಆಗುತ್ತದೆ. ಎಲ್ಲವನ್ನೂ ಬಡ್ಡಿಗೇ ಇಡಬೇಕಾ, ಒಂದು ಪಾಲನ್ನು ನಿಧಾನವಾಗಿ ಬೆಳೆಯುವ ಕಡೆ ಹಾಕಬೇಕಾ ಅನ್ನುವುದು ಆ ಅಂಕಿ ಮೇಲೆ ನಿಂತಿದೆ. ಆದ್ದರಿಂದ ಅವರ ಜೊತೆ ಮಾತಾಡುವಾಗ ಟೀ ಮಾಡಲು ಒಳಗೆ ಹೋಗಬೇಡ. ಮುಂದೆ ಕೂತು ಕೇಳು. ಅರ್ಥವಾಗದಿದ್ದರೆ ಇನ್ನೊಂದು ಸಲ ಹೇಳಿ ಅನ್ನು.

ನೀನು ನಡೆಸುತ್ತಿರುವ ಚೀಟಿ ಲೆಕ್ಕವನ್ನೂ ಮುಚ್ಚಿಡದೆ ಹೇಳು, ಅಮ್ಮ. ಒಡವೆ ಎಷ್ಟಿದೆ, ಲಾಕರಿನಲ್ಲಿ ಏನಿದೆ, ಅದೂ ಸೇರಲಿ.

ಹೇಳಲು ಕಷ್ಟವಾದ ಮಾತೊಂದಿದೆ, ಆದರೂ ಹೇಳಲೇಬೇಕು. ಚಿಕ್ಕಪ್ಪ ಹೋದ ಮೇಲೆ ಚಿಕ್ಕಮ್ಮ ಬೀರು, ಟ್ರಂಕು ಎಲ್ಲ ಜಾಲಾಡಿ ಪಾಸ್‌ಬುಕ್ ಹುಡುಕಿದ್ದನ್ನು ನಾವೆಲ್ಲ ನೋಡಿದ್ದೇವೆ. ನಮ್ಮ ಮನೆಯಲ್ಲಿ ಹಾಗಾಗಬಾರದು. ಅಪ್ಪಾಜಿ, ನಿಮ್ಮ ಪಿಂಚಣಿ ಕೊನೆಯ ಮೂಲ ವೇತನದ ಅರ್ಧ. ನಿಮ್ಮ ನಂತರ ಅಮ್ಮನಿಗೆ ಬರುವ ಕುಟುಂಬ ಪಿಂಚಣಿ ಕೆಲವು ವರ್ಷದ ನಂತರ ಆ ವೇತನದ 30%ಕ್ಕೆ ಇಳಿಯುತ್ತದೆ. ಅಮ್ಮ ನಿಮಗಿಂತ ಚಿಕ್ಕವಳು, ಯೋಜನೆ ಅವಳ ಆಯುಸ್ಸಿನವರೆಗೂ ಇರಬೇಕು. ಈ ತಿಂಗಳ 1ರಿಂದ ಬ್ಯಾಂಕ್ ಖಾತೆಗೆ ನಾಲ್ಕು ಜನರವರೆಗೆ ನಾಮಿನಿ ಹೆಸರು ಕೊಡಬಹುದು. ನಿಮ್ಮ ಹಳೆಯ ಖಾತೆಗಳಲ್ಲಿ ಈಗಲೂ ತಾತನ ಹೆಸರೇ ಇದೆಯಾ ಅಂತ ನೋಡಿಸಿ. ನಾಮಿನಿ ಅಂದರೆ ಹಣ ಪಡೆದುಕೊಳ್ಳುವವರು ಅಷ್ಟೇ. ಯಾರಿಗೆ ಏನು ಸೇರಬೇಕು ಅನ್ನುವುದಕ್ಕೆ ವಿಲ್ ಬೇಕು. ನೀವೂ ಇಬ್ಬರು ಸಾಕ್ಷಿಗಳೂ ಸಹಿ ಹಾಕಿದರೆ ಸಾಕು, ರಿಜಿಸ್ಟರ್ ಮಾಡಿಸಲೇಬೇಕು ಅಂತಿಲ್ಲ, ಮಾಡಿಸಿದರೆ ಒಳ್ಳೆಯದು. ನನಗೆ ಏನೂ ಬೇಡ ಅಂತ ಮೊದಲೇ ಹೇಳಿದ್ದೇನೆ.

ಆರೋಗ್ಯ ವಿಮೆಯನ್ನು ಮುಂದಕ್ಕೆ ಹಾಕಬೇಡಿ. ಶುಗರ್ ಇರುವವರಿಗೆ ಅದರ ಚಿಕಿತ್ಸೆಗೆ ಮೂರು ವರ್ಷದವರೆಗೆ ಕಾಯುವ ಅವಧಿ ಇರಬಹುದು, ಇವತ್ತು ತೆಗೆದುಕೊಂಡರೆ ಆ ಎಣಿಕೆ ಇವತ್ತೇ ಶುರು. ಸೆಪ್ಟೆಂಬರ್ 22ರಿಂದ ಅದರ ಕಂತಿಗೆ ಜಿಎಸ್‌ಟಿಯೂ ಇಲ್ಲ. ಶುಗರ್ ಇರುವುದನ್ನು ಫಾರಂನಲ್ಲಿ ಬರೆಯಲೇಬೇಕು, ಏಜೆಂಟ್ ಬೇಡ ಅಂದರೂ ಬರೆಯಿರಿ.

ಈಗ ಸಲಹೆಗಾರರನ್ನು ಹುಡುಕುವ ಕೆಲಸ. ಸೆಬಿಯ ವೆಬ್‌ಸೈಟಿನಲ್ಲಿ ನೋಂದಾಯಿತರ ಪಟ್ಟಿ ಇದೆ. ದಾವಣಗೆರೆಯಲ್ಲೇ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಬೆಂಗಳೂರಿನವರಾದರೂ ವಿಡಿಯೋದಲ್ಲಿ ಕನ್ನಡದಲ್ಲಿ ಮಾತಾಡಿದರೆ ಸಾಕು. ಅಮ್ಮನಿಗೆ ಅರ್ಥವಾಗುವ ಹಾಗೆ ಹೇಳಲಾಗದವರು ನಮಗೆ ಬೇಡ. ನಾನು ಮೂವರ ಜೊತೆ ಮಾತಾಡಿ ನೋಡುತ್ತೇನೆ. ನಂಬರನ್ನು ಪಟ್ಟಿಯಲ್ಲಿ ಪರೀಕ್ಷಿಸುತ್ತೇನೆ, ಪಾಲಿಸಿ ಅಥವಾ ಫಂಡ್ ಕಂಪನಿಗಳಿಂದ ಏನಾದರೂ ಬರುತ್ತದಾ ಅಂತ ನೇರವಾಗಿ ಕೇಳುತ್ತೇನೆ. ಇಷ್ಟು ಲಾಭ ಗ್ಯಾರಂಟಿ ಅಂದವರನ್ನು ಅಲ್ಲಿಗೇ ಬಿಟ್ಟುಬಿಡುತ್ತೇನೆ. ಫೀಸ್ ಬ್ಯಾಂಕ್ ಮೂಲಕವೇ ಹೋಗಬೇಕು, ಕೆಲಸ ಶುರುವಾಗುವ ಮುಂಚೆ ಒಪ್ಪಂದದ ಕಾಗದ ಬರಬೇಕು. ಸಲಹೆಗಾರರ ಕೈಗೆ ನಿಮ್ಮ ಹಣ ಹೋಗುವುದೇ ಇಲ್ಲ ಅನ್ನುವುದು ನೆನಪಿರಲಿ. ಅವರು ಬರೆದುಕೊಡುತ್ತಾರೆ, ಹಣ ಹಾಕುವುದು ನೀವೇ, ನಿಮ್ಮ ಖಾತೆಯಿಂದ. ಒಟಿಪಿ, ಪಾಸ್‌ವರ್ಡ್, ಖಾಲಿ ಚೆಕ್ ಯಾರು ಕೇಳಿದರೂ ಕೊಡಬೇಡಿ.

ಹೊರದೇಶದಲ್ಲಿರುವವರು ಊರಿನ ಬ್ಯಾಂಕಿನಲ್ಲಿ ಇಡುವ ಎನ್‌ಆರ್‌ಇ ಖಾತೆ ನನ್ನದೊಂದಿದೆಯಲ್ಲ, ಅದನ್ನೂ ಅವರಿಗೆ ತೋರಿಸಬೇಕು. ಅದರ ಬಡ್ಡಿಗೆ ಅಲ್ಲಿ ತೆರಿಗೆ ಇಲ್ಲ, ಇಲ್ಲಿ ಕಟ್ಟಬೇಕಾಗುತ್ತದೆ. ಹಾಗಾಗಿ ಇಲ್ಲಿನವರನ್ನೂ ಕೇಳಿಕೊಂಡು ಮುಂದುವರಿಯುತ್ತೇನೆ.

ಅಲ್ಲಿಯವರೆಗೆ ಬಂದ ಹಣ ಸುಮ್ನೆ ನಿಮ್ಮ ಪಿಂಚಣಿ ಬ್ಯಾಂಕಿನಲ್ಲೇ ಚಿಕ್ಕ ಅವಧಿಯ ಎಫ್‌ಡಿಯಲ್ಲಿ ಇರಲಿ. ಎರಡು ತಿಂಗಳು ಕಾದರೆ ಏನೂ ಮುಳುಗುವುದಿಲ್ಲ. ಬರುವ ಶನಿವಾರ ನಿಮ್ಮ ಸಂಜೆ ಆರಕ್ಕೆ ಫೋನ್ ಮಾಡುತ್ತೇನೆ. ಅಷ್ಟರಲ್ಲಿ ತಮ್ಮನ ಕೈಲಿ ಎಲ್ಲ ಪಾಸ್‌ಬುಕ್, ಪಾಲಿಸಿ ಬಾಂಡ್, ಸಾಲದ ಕಾಗದಗಳ ಫೋಟೋ ತೆಗೆಸಿ ಇಡಿ. ಅಮ್ಮ, ನಿನ್ನ ನೋಟ್‌ಬುಕ್ಕಿನ ಹೋದ ಆರು ತಿಂಗಳ ಪುಟಗಳೂ ಬೇಕು. ಬ್ಯಾಂಕಿನ ಹುಡುಗ ಮತ್ತೆ ಬಂದರೆ ಮಗಳನ್ನು ಕೇಳಿ ಹೇಳುತ್ತೇವೆ ಅನ್ನಿ.

ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಪ್ರೀತಿಯ ಮಗಳು