ದೇವರು ಕೊಟ್ಟ ಕೆಲಸ ಯಾವುದೆಂದು ಕೇಳಿದ ಕಿರಿಯ ಬರಹಗಾರನಿಗೆ

ಡೊಂಬಿವಲಿ (ಪೂರ್ವ)

ಪ್ರೀತಿಯ ತಮ್ಮಾ,

ಆಶೀರ್ವಾದಗಳು. ನಿನ್ನ ದೀರ್ಘ ಪತ್ರವನ್ನೂ ಅದರ ಜೊತೆಗಿಟ್ಟಿದ್ದ ಎರಡು ಕಥೆಗಳನ್ನೂ ಓದಿದೆ. ಕಥೆಗಳ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟಿದ್ದೇನೆ, ಅವುಗಳ ಮಾತು ಭೇಟಿಯಾದಾಗ ಆಡೋಣ. ದೇವರು ನಿನ್ನನ್ನು ಬರೆಯುವುದಕ್ಕೆಂದೇ ಹುಟ್ಟಿಸಿದ್ದಾನೆಯೇ, ಹಾಗಿದ್ದರೆ ಅದನ್ನು ಖಚಿತವಾಗಿ ತಿಳಿಯುವುದು ಹೇಗೆ, ತಿಳಿದ ಮೇಲೆ ನವಿ ಮುಂಬಯಿಯ ಐರೋಲಿಯಲ್ಲಿರುವ ಕಂಪನಿಯ ಕೆಲಸವನ್ನು ಬಿಟ್ಟುಬಿಡಬಹುದೇ ಎಂದು ಕೇಳಿದ್ದೀಯಲ್ಲ, ಈ ಪತ್ರ ಅಷ್ಟಕ್ಕೇ ಮೀಸಲು. ಈಗಿನ ಹುಡುಗರಿಗೆ ಸಂಬಳದ ಆಚೆ ಪ್ರಶ್ನೆಗಳೇ ಇಲ್ಲವೆಂದು ನನ್ನ ವಾರಗೆಯವರು ಗೊಣಗುವುದನ್ನು ಕೇಳಿ ಕೇಳಿ ಬೇಸತ್ತಿದ್ದ ನನಗೆ ನಿನ್ನ ಪತ್ರದಿಂದ ಸಂತೋಷವೇ ಆಯಿತು.

ಆದರೆ ನೀನು ಈ ಪ್ರಶ್ನೆಯನ್ನು ಕೇಳುತ್ತಿರುವ ಕ್ರಮದ ಬಗ್ಗೆ ನನಗೆ ತಕರಾರಿದೆ. ಉತ್ತರ ಮೊದಲು ಸಿಗಬೇಕು, ಕೆಲಸ ಆಮೇಲೆ ಶುರುವಾಗಬೇಕು ಎಂಬುದು ನಿನ್ನ ಎಣಿಕೆ. ದೇವರನ್ನು ನಂಬಿ ಬದುಕಿದವರ ಚರಿತ್ರೆಗಳನ್ನು ಓದಿದಾಗ ನನಗೆ ಕಂಡಿರುವುದು ಇದಕ್ಕೆ ತಿರುಗುಮುರುಗಾದ ಕ್ರಮ. ನಾವು ಅನ್ನ ಉಣ್ಣುತ್ತಿರುವ ಈ ಮರಾಠಿ ನೆಲದ ಸಂತರನ್ನೇ ನೋಡು. ಆಷಾಢ ಏಕಾದಶಿಗೆ ಪಂಢರಪುರ ಸೇರುವಂತೆ ಆಳಂದಿಯಿಂದ ಜ್ಞಾನೇಶ್ವರರ ಪಾಲಕಿಯೂ ದೇಹೂವಿನಿಂದ ತುಕಾರಾಮರ ಪಾಲಕಿಯೂ ಹೊರಡುತ್ತವೆ. ಅವುಗಳ ಜೊತೆ ನಡೆಯುವ ಲಕ್ಷಾಂತರ ವಾರಕರಿಗಳು, ಅಂದರೆ ವಿಠ್ಠಲನ ಭಕ್ತರು, ಹಾಡುವ ಅಭಂಗಗಳೆಂಬ ಮರಾಠಿ ಭಕ್ತಿಪದಗಳನ್ನು ಕಟ್ಟಿದವರಲ್ಲಿ ನಾಮದೇವ ಬಟ್ಟೆ ಹೊಲಿಯುವ ಮನೆತನದವನು, ಗೋರಾ ಕುಂಬಾರ, ಸೇನಾ ಕ್ಷೌರಿಕ, ನರಹರಿ ಅಕ್ಕಸಾಲಿ. ಸೋಲಾಪುರ ಜಿಲ್ಲೆಯ ಅರಣ ಎಂಬ ಹಳ್ಳಿಯ ಸಾವತಾ ಮಾಳಿಯಂತೂ ತೋಟದ ಕೆಲಸ ಬಿಟ್ಟು ಪಂಢರಪುರಕ್ಕೂ ಹೋಗಲಿಲ್ಲವೆಂದೂ, ಕೊನೆಗೆ ವಿಠ್ಠಲನೇ ಅವನ ತೋಟಕ್ಕೆ ಬಂದನೆಂದೂ ಜನ ನಂಬುತ್ತಾರೆ. ಈರುಳ್ಳಿ, ಮೂಲಂಗಿ, ಸೊಪ್ಪಿನಲ್ಲೇ ತನ್ನ ವಿಠಾಯಿಯನ್ನು, ತಾಯಿಯಂಥ ವಿಠ್ಠಲನನ್ನು, ಕಂಡೆನೆಂದು ಅವನು ಹಾಡಿದ. ಇವರಲ್ಲಿ ಯಾರೂ ಕಸುಬನ್ನು ಪಕ್ಕಕ್ಕಿಟ್ಟು ತನ್ನ ಜನ್ಮದ ಉದ್ದೇಶವೇನೆಂದು ಯೋಚಿಸುತ್ತಾ ಕುಳಿತವರಲ್ಲ. ಕೈಗೆ ಬಂದ ಕೆಲಸವನ್ನು ಮಾಡುತ್ತಿದ್ದರು, ಅದನ್ನು ಮಾಡುತ್ತಲೇ ಹಾಡು ಬಂತು.

ಪುರಂದರದಾಸರ ಕಥೆ ಇದಕ್ಕೆ ವಿರುದ್ಧವಾಗಿದೆಯಲ್ಲ ಎಂದು ನೀನು ಕೇಳಬಹುದು. ಲೇವಾದೇವಿಯ ಶ್ರೀನಿವಾಸ ನಾಯಕ ಹೆಂಡತಿಯ ಮೂಗುತಿಯ ಪ್ರಸಂಗದ ನಂತರ ಇದ್ದುದೆಲ್ಲವನ್ನೂ ಕೊಟ್ಟು ದಾಸನಾದ ಎಂಬುದನ್ನು ಹರಿಕಥೆಗಳಲ್ಲಿ ಕೇಳಿ ಬೆಳೆದವರಿಗೆ, ವ್ಯಾಪಾರವನ್ನು ತೊರೆದದ್ದರಿಂದಲೇ ಅವರಿಗೆ ದೇವರ ಕೆಲಸ ದಕ್ಕಿತು ಎನ್ನಿಸುವುದು ಸಹಜ. ಆದರೆ ಕೀರ್ತನೆಗಳ ಒಳಗೆ ಇಳಿದು ನೋಡು. ದೇವರ ನಾಮವನ್ನು ಕಲ್ಲುಸಕ್ಕರೆಯೆಂದು ಕೂಗಿ ಮಾರುವಾಗ ಈ ಸರಕನ್ನು ಎತ್ತಿನ ಮೇಲೆ ಹೇರಬೇಕಾಗಿಲ್ಲ, ಗೋಣಿಯಲ್ಲಿ ಒತ್ತಿ ತುಂಬಬೇಕಾಗಿಲ್ಲ, ಬಾಡಿಗೆಯಿಲ್ಲ, ಸುಂಕವಿಲ್ಲ, ಲಾಭ ಮಾತ್ರ ಬಹಳವಿದೆ ಎಂದು ಅವರು ಹೇಳುತ್ತಾರೆ. ಸುಂಕದ ಕಟ್ಟೆಯಲ್ಲಿ ಕಾದು ನಿಂತವನಿಗೆ, ಬಾಡಿಗೆಯ ಲೆಕ್ಕ ಬರೆದವನಿಗೆ ಮಾತ್ರ ಹೊಳೆಯುವ ಮಾತುಗಳು ಇವು. ನಾಯಕರು ತಿಜೋರಿಯನ್ನು ದಾನ ಮಾಡಿರಬಹುದು, ಪೇಟೆಯಲ್ಲಿ ಕಳೆದ ವರ್ಷಗಳನ್ನು ದಾನ ಮಾಡಲಿಲ್ಲ. ಅವು ಪದಗಳೊಳಗೆ ಸೇರಿಕೊಂಡವು. ನೀನು ಈಗ ಹಾಳಾಗುತ್ತಿದೆಯೆಂದು ಕೊರಗುತ್ತಿರುವ ಐರೋಲಿಯ ದಿನಗಳನ್ನು ಈ ದೃಷ್ಟಿಯಿಂದ ಒಮ್ಮೆ ನೋಡಬೇಕು. ರಾತ್ರಿಪಾಳಿಯಲ್ಲಿ ಅಮೆರಿಕದ ಗ್ರಾಹಕರಿಗೆ ಹಗಲಿನ ಧ್ವನಿಯಲ್ಲಿ ಉತ್ತರಿಸುವ ಹುಡುಗರ ಬದುಕನ್ನು ಕನ್ನಡದಲ್ಲಿ ಬರೆದವರು ಎಷ್ಟು ಜನರಿದ್ದಾರೆ, ಹೇಳು?

ನನ್ನ ಅನುಭವವನ್ನೂ ಹೇಳಬೇಕಾಗಿದೆ, ಏಕೆಂದರೆ ನೀನು ಅದನ್ನೇ ನೇರವಾಗಿ ಕೇಳಿದ್ದೀ. ಮುಂಬಯಿಯ ಫೋರ್ಟ್ ಪ್ರದೇಶದ ಬ್ಯಾಂಕೊಂದರಲ್ಲಿ ಗುಮಾಸ್ತೆಯಾಗಿದ್ದಾಗ, ಹತ್ತಿರದ ಕನ್ನಡ ರಾತ್ರಿಶಾಲೆಯಲ್ಲಿ ಒಬ್ಬ ಶಿಕ್ಷಕರು ರಜೆಯ ಮೇಲೆ ಊರಿಗೆ ಹೋದರೆಂದು ಮುಖ್ಯೋಪಾಧ್ಯಾಯರು ನನ್ನನ್ನು ಕೆಲವು ವಾರಗಳ ಮಟ್ಟಿಗೆ ಕರೆದರು. ಆ ಶಾಲೆಗಳು ಏನಾಗಿದ್ದವು ಎಂಬುದು ನಿನ್ನ ಪೀಳಿಗೆಗೆ ಹೇಳದೆ ತಿಳಿಯದು. ದಕ್ಷಿಣ ಕನ್ನಡದಿಂದ ಎಳೆಯ ವಯಸ್ಸಿನಲ್ಲೇ ಮುಂಬಯಿಗೆ ಬಂದು ಉಡುಪಿ ಹೋಟೆಲುಗಳಲ್ಲಿ, ಆಫೀಸು ಕ್ಯಾಂಟೀನುಗಳಲ್ಲಿ ಮೇಜು ಒರೆಸುತ್ತಿದ್ದ ಹುಡುಗರಿಗೆಂದು ನಮ್ಮ ಸಂಘಗಳು ಅವುಗಳನ್ನು ನಡೆಸುತ್ತಿದ್ದವು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ಇದನ್ನು ಪೂಜೆಯಷ್ಟೇ ಶ್ರದ್ಧೆಯಿಂದ ಮಾಡಿದವು. ಮುಂದೆ ವಕೀಲರಾದವರು, ಬ್ಯಾಂಕು ಸೇರಿದವರು, ಸ್ವಂತ ಹೋಟೆಲು ತೆರೆದವರು ಎಷ್ಟೋ ಮಂದಿ ಆ ಬೆಂಚುಗಳಿಂದಲೇ ಎದ್ದು ಬಂದವರು; ನಿನ್ನ ತಂದೆಯವರೂ ಅಲ್ಲಿ ಓದಿದವರೆಂದು ಬರೆದಿದ್ದೀ.

ಬೆಳಗಿನ ಜಾವದಿಂದ ನಿಂತೇ ದುಡಿದ ಹುಡುಗನನ್ನು ರಾತ್ರಿ ಎಂಟು ಗಂಟೆಗೆ ಬೆಂಚಿನ ಮೇಲೆ ಕೂರಿಸಿದರೆ ಅವನಿಗೆ ನಿದ್ದೆ ಬರುತ್ತದೆ. ವ್ಯಾಕರಣ ಹೇಳಿದರೆ ಇಡೀ ತರಗತಿ ಮಲಗುತ್ತಿತ್ತು. ಅವರನ್ನು ಎಚ್ಚರವಾಗಿರಿಸಲು ಕಥೆ ಹೇಳತೊಡಗಿದೆ. ಯಾವ ವಾಕ್ಯಕ್ಕೆ ಹುಡುಗನ ತಲೆ ಮೇಜಿಗೆ ವಾಲುತ್ತದೆ, ಯಾವ ವಾಕ್ಯಕ್ಕೆ ಥಟ್ಟನೆ ಮೇಲೇಳುತ್ತದೆ ಎಂಬುದು ಕಣ್ಣೆದುರೇ ಕಾಣುತ್ತಿತ್ತು. ಸುಮ್ಮನೆ ಸೊಗಸಿಗೆಂದು ಸೇರಿಸಿದ ವಿಶೇಷಣಕ್ಕೆ ಅಲ್ಲಿ ಕ್ಷಮೆಯಿರಲಿಲ್ಲ. ಕಥೆ ಮುಗಿದ ಮೇಲೆ ಅವರು ತಮ್ಮ ಕಥೆ ಹೇಳುತ್ತಿದ್ದರು: ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತ ಧಣಿಯ ಮಾತು, ಊರಿನ ತಂಗಿಯ ಮದುವೆ, ಭಾನುವಾರದ ಯಕ್ಷಗಾನ. ಕೆಲವು ವಾರಗಳೆಂದು ಹೋದವಳು ಶಾಲೆಯಲ್ಲಿ ಮಕ್ಕಳು ಇರುವವರೆಗೂ ಅಲ್ಲೇ ಉಳಿದೆ. ಬರೆಯುವುದು ನನಗೆ ಒಪ್ಪಿಸಲಾದ ಕೆಲಸವಿರಬಹುದು ಎಂಬ ಯೋಚನೆ ಬಂದದ್ದು ಇದೆಲ್ಲ ನಡೆದು ಬಹಳ ಕಾಲವಾದ ಮೇಲೆ, ಹಿಂತಿರುಗಿ ನೋಡಿದಾಗ. ಪ್ರಾರ್ಥನೆಯ ಹೊತ್ತಿನಲ್ಲಿ ನನಗೆ ಯಾವ ದನಿಯೂ ಕೇಳಿಸಲಿಲ್ಲ; ಕರೆದವರು ಒಬ್ಬ ಮುಖ್ಯೋಪಾಧ್ಯಾಯರು, ಅದೂ ಬೇರೆ ಯಾರೂ ಸಿಗದಿದ್ದುದರಿಂದ.

ಆದ್ದರಿಂದ ನಿನ್ನ ಪ್ರಶ್ನೆಯನ್ನು ನಾನು ಹೀಗೆ ಬದಲಾಯಿಸುತ್ತೇನೆ: ದೇವರು ನಿನ್ನ ಎದುರಿಗೆ ಯಾರನ್ನು ತಂದು ನಿಲ್ಲಿಸಿದ್ದಾನೆ, ಅವರಿಗೆ ನಿನ್ನಿಂದ ಏನಾಗಬೇಕಾಗಿದೆ? ಬರೆಯಬೇಕೆಂಬ ಆಸೆ ಬಹಳ ಜನರಿಗಿರುತ್ತದೆ, ಅದು ತಪ್ಪೂ ಅಲ್ಲ. ಆದರೆ ಆಸೆಯ ಬಲವನ್ನೇ ದೇವರ ಅಪ್ಪಣೆಯೆಂದು ಭಾವಿಸುವುದು ಅಪಾಯಕರ. ಆಯ್ದಕ್ಕಿ ಮಾರಯ್ಯನ ಪ್ರಸಂಗ ನಿನಗೆ ಗೊತ್ತಿರಬೇಕು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವನ ಕಾಯಕ. ಕಾಯಕದಲ್ಲಿ ನಿರತನಾದಾಗ ಗುರು ಬಂದರೂ, ಲಿಂಗಪೂಜೆಯ ಹೊತ್ತಾದರೂ ಮರೆಯಬೇಕೆಂದವನು ಅವನು. ಅಷ್ಟು ಗಟ್ಟಿ ಮನುಷ್ಯ. ಅಂಥವನೂ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇದು ನಮಗೆ ಸಲ್ಲದು, ಇದ್ದಲ್ಲಿಗೇ ಸುರಿದು ಬಾ ಎಂದು ಹೇಳಲು ಮನೆಯಲ್ಲಿ ಲಕ್ಕಮ್ಮ ಬೇಕಾಯಿತು. ಒಳ್ಳೆಯ ಉದ್ದೇಶದ ಒಳಗೇ ಸ್ವಲ್ಪ ದುರಾಸೆ ನುಸುಳಿದ್ದು ಮಾರಯ್ಯನಿಗೆ ಕಾಣಲಿಲ್ಲ, ಹತ್ತಿರದವಳಿಗೆ ಕಂಡಿತು. ನಿನ್ನ ಬರವಣಿಗೆಯಲ್ಲಿ ದೇವರ ಪಾಲೆಷ್ಟು, ಹೆಸರಿನ ಹಂಬಲದ ಪಾಲೆಷ್ಟು ಎಂದು ಮುಖಕ್ಕೆ ಹೇಳಬಲ್ಲವರನ್ನು ಹುಡುಕಿಕೋ. ಅವರು ಸಾಹಿತಿಗಳೇ ಆಗಿರಬೇಕೆಂದಿಲ್ಲ. ಸಾಹಿತಿಗಳಾದರೆ ಹೊಗಳಿಬಿಡುವ ಸಂಭವವೇ ಹೆಚ್ಚು, ನಮ್ಮ ಸಮಾರಂಭಗಳಲ್ಲಿ ಶಾಲಿಗೂ ಹೊಗಳಿಕೆಗೂ ಎಂದೂ ಬರಗಾಲವಿಲ್ಲ.

ಹಾಗಾದರೆ ನಂಬಿಕೆಯ ಪಾತ್ರವೇನು? ನನ್ನ ಮಟ್ಟಿಗೆ ಅದು ಎರಡನೆಯ ಹಂತದಲ್ಲಿ ಬರುತ್ತದೆ. ಕೆಲಸ ಇಂಥದ್ದೆಂದು ತಿಳಿಯುವುದಕ್ಕೆ ಕಣ್ಣು, ಕಿವಿ, ಸುತ್ತಲಿನ ಜನ ಸಾಕು. ತಿಳಿದ ಕೆಲಸವನ್ನು ಯಾರೂ ನೋಡದಿರುವಾಗಲೂ ಮಾಡುತ್ತಿರುವುದಕ್ಕೆ ದೇವರು ಬೇಕು. ಮನುಷ್ಯನು ತನ್ನ ಕರ್ಮದಿಂದಲೇ ಆತನನ್ನು ಅರ್ಚಿಸಿ ಸಿದ್ಧಿ ಪಡೆಯುತ್ತಾನೆಂದು ಗೀತೆಯ ಹದಿನೆಂಟನೆಯ ಅಧ್ಯಾಯ ಹೇಳುತ್ತದೆ. ಅರ್ಚನೆಯೆಂದ ಮೇಲೆ ಹೂವು ಯಾರ ಕಣ್ಣಿಗೆ ಬಿತ್ತು ಎಂಬ ಲೆಕ್ಕ ಇಡುವಂತಿಲ್ಲ. ಸಂಪಾದಕರು ಕಥೆಯನ್ನು ಹಿಂದಿರುಗಿಸಿದಾಗ ದೇವರೇ ಬೇಡವೆಂದನೆಂದು ನೀನು ಬರೆದಿದ್ದೀ. ಸಂಪಾದಕರು ಸಂಪಾದಕರು ಮಾತ್ರ. ಅವರ ತೀರ್ಪನ್ನು ಕಥೆಯ ತೀರ್ಪೆಂದು ಓದು, ಮೂರನೆಯ ಪುಟದಿಂದ ತಿದ್ದು. ಇದರ ಇನ್ನೊಂದು ಮುಖ ಇನ್ನೂ ಕೆಟ್ಟದ್ದು: ದೇವರೇ ಬರೆಸಿದನೆಂದು ಹೇಳಿಕೊಳ್ಳುವವರು ಒಂದು ಅಲ್ಪವಿರಾಮವನ್ನೂ ಕದಲಿಸಲು ಬಿಡುವುದಿಲ್ಲ.

ನಂಬಿಕೆಯೂ ದುಡಿಮೆಯೂ ಕೂಡಿದರೆ ಏನಾಗಬಹುದೆಂಬುದಕ್ಕೆ ನನಗೆ ಪದೇ ಪದೇ ನೆನಪಾಗುವವರು ಫರ್ಡಿನಾಂಡ್ ಕಿಟ್ಟೆಲ್. 1853ರಲ್ಲಿ ಬಾಸೆಲ್ ಮಿಶನ್ನಿನವರು ಅವರನ್ನು ಇಲ್ಲಿಗೆ ಕಳಿಸಿದ್ದು ಕ್ರೈಸ್ತ ಧರ್ಮದ ಪ್ರಚಾರಕ್ಕೆ. ಜನರೊಂದಿಗೆ ಮಾತನಾಡಬೇಕಾದರೆ ಅವರ ಭಾಷೆ ಬೇಕು, ಭಾಷೆ ಬೇಕಾದರೆ ಅದರ ಹಳೆಯ ಕಾವ್ಯಗಳೂ ಗಾದೆಗಳೂ ಬೇಕು ಎಂದು ಒಂದೊಂದೇ ಹೆಜ್ಜೆ ಇಳಿಯುತ್ತಾ ಹೋಗಿ ಅವರು ಕೊನೆಗೆ ತಲುಪಿದ್ದು 1894ರ ಕನ್ನಡ–ಇಂಗ್ಲಿಷ್ ನಿಘಂಟನ್ನು. ಆ ಜರ್ಮನ್ ಪಾದ್ರಿಯನ್ನು ನಾವು ನೆನೆಯುವುದು ಅವರ ಉಪದೇಶಗಳಿಗಾಗಿ ಅಲ್ಲವೆಂಬುದು ನಿನಗೂ ಗೊತ್ತು. ಕಳಿಸಿದವರು ಹೇಳಿದ ಕೆಲಸ ಒಂದು, ಕೈಗೆ ಅಂಟಿಕೊಂಡ ಕೆಲಸ ಇನ್ನೊಂದು; ಆದರೆ ಮೊದಲನೆಯದಕ್ಕಾಗಿ ಹಡಗು ಹತ್ತದಿದ್ದರೆ ಎರಡನೆಯದು ಎದುರಾಗುತ್ತಲೇ ಇರಲಿಲ್ಲ. ಇವತ್ತು ನೀನು ನಿನ್ನ ಉದ್ದೇಶವೆಂದು ತಿಳಿದಿರುವ ಕಥೆಗಾರಿಕೆಯೂ ಇನ್ನೆಲ್ಲಿಗೋ ಕರೆದೊಯ್ಯುವ ದಾರಿಯಾಗಿರಬಹುದು. ಅನುವಾದಕನೋ ಶಿಕ್ಷಕನೋ ಆಗಿಬಿಟ್ಟರೆ ಸೋತೆನೆಂದು ಭಾವಿಸಬೇಡ.

ಇನ್ನು ಕೆಲಸ ಬಿಡುವ ವಿಷಯ. ಬಿಡಬೇಡ. 250 ರೂಪಾಯಿ ಬೆಲೆಯ ಪುಸ್ತಕದ 1,000 ಪ್ರತಿಗಳೂ ಮಾರಾಟವಾಗಿ, ಪ್ರಕಾಶಕರು ಶೇಕಡಾ 10ರಂತೆ ಗೌರವಧನ ಕೊಟ್ಟರೆ ನಿನ್ನ ಕೈಗೆ ಬರುವುದು 25,000 ರೂಪಾಯಿ, ಮತ್ತು ಇದು ಎಲ್ಲವೂ ಸರಿಯಾಗಿ ನಡೆದ ಪುಸ್ತಕದ ಲೆಕ್ಕ. ಆ ಹಣದಲ್ಲಿ ನೀನಿರುವ ಕೋಣೆಯ ಬಾಡಿಗೆ ಎಷ್ಟು ತಿಂಗಳಿಗೆ ಮುಗಿಯುತ್ತದೆಂದು ನೀನೇ ಲೆಕ್ಕ ಹಾಕು. ಸಾಲಗಾರರ ಕಣ್ಣು ತಪ್ಪಿಸಿ ಬರೆಯುವವನಿಗಿಂತ ತಿಂಗಳ ಮೊದಲಿಗೆ ಸಂಬಳ ಬರುವವನು ಹೆಚ್ಚು ನಿರ್ಭಯವಾಗಿ ಬರೆಯಬಲ್ಲ. ಮುಂಬಯಿಯ ಕನ್ನಡ ಸಾಹಿತ್ಯದ ಬಹುಪಾಲು ಕಾರ್ಖಾನೆ, ಬ್ಯಾಂಕು, ಕಾಲೇಜುಗಳಲ್ಲಿ ದುಡಿದವರೇ ಬರೆದದ್ದು, ಅದರಿಂದ ಸಾಹಿತ್ಯಕ್ಕೆ ನಷ್ಟವಾದಂತೆ ಕಾಣುವುದಿಲ್ಲ. ಸಮಯವಿಲ್ಲವೆಂಬ ನಿನ್ನ ದೂರು ನಿಜ, ಆದರೆ ಠಾಣೆಯಲ್ಲಿ ಗಾಡಿ ಬದಲಿಸುವ ಆ ಪ್ರಯಾಣದಲ್ಲಿ ಬರೆಯಲಾಗದಿದ್ದರೂ ಕೇಳಿಸಿಕೊಳ್ಳಬಹುದು. ನಮ್ಮ ಸೆಂಟ್ರಲ್ ಲೈನಿನ ಡಬ್ಬಿಗಳಲ್ಲಿ ತಾಳ ಹಿಡಿದು ಭಜನೆ ಮಾಡುತ್ತಾ ಆಫೀಸಿಗೆ ಹೋಗುವವರಿದ್ದಾರೆ. ಆ ನೂಕುನುಗ್ಗಲಿನಲ್ಲಿ ಅವರಿಗೆ ಸಾಧ್ಯವಾಗುವುದು ನಿನಗೆ ಬೇರೆ ರೀತಿಯಲ್ಲಿ ಸಾಧ್ಯವಾಗಬೇಕು.

ಆದರೂ ಬರೇ ಸಲಹೆ ಕೊಟ್ಟು ಸುಮ್ಮನಿರಲಾರೆ, ಒಂದು ಕೆಲಸ ಹೇಳುತ್ತೇನೆ. ನಿನ್ನ ತಂದೆಯವರೂ ಅವರ ಜೊತೆ ರಾತ್ರಿಶಾಲೆಯಲ್ಲಿ ಓದಿದವರೂ ಇನ್ನೂ ಈ ನಗರದಲ್ಲಿದ್ದಾರೆ, ಅವರ ವಯಸ್ಸು ಕಾಯುವುದಿಲ್ಲ. ಶನಿವಾರದ ಶನಿಪೂಜೆಗೋ ಭಜನಾ ಮಂಡಳಿಗೋ ಅವರು ಸೇರುವಲ್ಲಿಗೆ ಹೋಗಿ ಕೂರು. ಯಾವ ಹೋಟೆಲಿನಲ್ಲಿ ಯಾವ ಕೆಲಸ, ಎಷ್ಟು ಸಂಬಳ, ಎಲ್ಲಿ ಮಲಗುತ್ತಿದ್ದರು, ಯಾವ ಪಾಠ ಇಷ್ಟವಾಗಿತ್ತು ಎಂದು ಅವರ ಮಾತಿನಲ್ಲೇ ಬರೆದುಕೋ. ತುಳುವಿನಲ್ಲಿ ಹೇಳಿದ್ದನ್ನು ತುಳುವಿನಲ್ಲೇ ಬರೆ. ಇದರಿಂದ ಕಥೆ ಬರುತ್ತದೆಯೇ, ಲೇಖನವೇ, ಅಥವಾ ಏನೂ ಇಲ್ಲವೇ ಎಂದು ಈಗಲೇ ಕೇಳಬೇಡ. ನಾಲ್ಕೈದು ಜನರದ್ದಾದ ಮೇಲೂ ಇನ್ನೊಬ್ಬರನ್ನು ಹುಡುಕಿಕೊಂಡು ಹೋಗುವ ಮನಸ್ಸಾದರೆ ನಿನ್ನ ಪ್ರಶ್ನೆಯನ್ನು ಮತ್ತೆ ಎತ್ತಿಕೊಳ್ಳೋಣ. ಬೇಸರವಾದರೆ ಅದನ್ನೂ ಮುಚ್ಚಿಡದೆ ಬರೆ.

ಗಣೇಶ ಚತುರ್ಥಿ ಕಳೆದ ಮೇಲಿನ ಯಾವುದಾದರೂ ಭಾನುವಾರ ಮಧ್ಯಾಹ್ನ ಬಾ, ಊಟ ಇಲ್ಲೇ. ಹನ್ನೊಂದರೊಳಗೆ ಹೊರಟರೆ, ಹಳಿ ದುರಸ್ತಿಗೆಂದು ಭಾನುವಾರ ಗಾಡಿ ನಿಲ್ಲಿಸುವ ಮೆಗಾಬ್ಲಾಕಿನ ತೊಂದರೆ ಕಡಿಮೆ. ಬರೆದುಕೊಂಡ ವಹಿಯನ್ನು ಮರೆಯದೆ ತಾ. ತಂದೆ ತಾಯಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಹಿತೈಷಿ,
ಡೊಂಬಿವಲಿಯ ಅಕ್ಕ